ಮೊದಲು ಕೆಣಕಿದ್ದು ಯಾರು? ಗುಂಪು ಹಲ್ಲೆಯಲ್ಲಿ ಕಾನೂನು ಹೊರಿಸುವ ಹೊಣೆ

ಊರಿನಲ್ಲಿ ಹೊಡೆದಾಟವಾದ ಮರುದಿನ ಹೋಟೆಲಿನಲ್ಲಿ, ಮಸೀದಿಯ ಅಂಗಳದಲ್ಲಿ, ಮನೆಯ ಜಗಲಿಯಲ್ಲಿ ನಾವೆಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಶುರು ಮಾಡಿದ್ದು ಯಾರು? ಬೈಕ್ ತಾಗಿಸಿದ್ದು ಅವನು, ತಾಯಿಯ ಹೆಸರೆತ್ತಿ ಬೈದದ್ದು ಅವನು, ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕಿದ್ದು ಅವನು. ಉತ್ತರ ಸಿಕ್ಕಿದ ಕೂಡಲೇ ನಾವು ಅರ್ಧ ತೀರ್ಪನ್ನೂ ಕೊಟ್ಟುಬಿಡುತ್ತೇವೆ. ಕೆಣಕಿದವನು ಅವನೇ ಆದ್ದರಿಂದ ಪೆಟ್ಟು ತಿಂದದ್ದು ಅವನ ತಪ್ಪಿಗೇ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ನ್ಯಾಯಾಲಯವೂ ಈ ಪ್ರಶ್ನೆಯನ್ನು ಕೇಳುತ್ತದೆ. ಆದರೆ ಅದು ಅಲ್ಲಿ ಕೇಳುವ ಹಲವು ಪ್ರಶ್ನೆಗಳಲ್ಲಿ ಒಂದು ಮಾತ್ರ. ಕೆಣಕಿದ್ದು ಎಷ್ಟು ದೊಡ್ಡದು? ಅದಕ್ಕೂ ಪೆಟ್ಟಿಗೂ ನಡುವೆ ಎಷ್ಟು ಹೊತ್ತು ಕಳೆದಿತ್ತು? ಎಷ್ಟು ಮಂದಿ ಸೇರಿದ್ದರು? ಯಾವ ಉದ್ದೇಶದಿಂದ ಸೇರಿದ್ದರು? ಕೈಯಲ್ಲಿ ಏನಿತ್ತು? ಈ ಪ್ರಶ್ನೆಗಳ ಉತ್ತರ ಒಬ್ಬ ಹುಡುಗನ ಇಡೀ ಬದುಕನ್ನು ತಿರುಗಿಸಿಬಿಡಬಲ್ಲದು. ಕೋಪವನ್ನು ನುಂಗಿಕೊಳ್ಳಬೇಕೆಂಬ ಉಪದೇಶ ಜುಮಾ ಖುತ್ಬಾ ಕೇಳುವ ನಮಗೆ ಹೊಸದಲ್ಲ. ಆದರೆ ನುಂಗಿಕೊಳ್ಳದಿದ್ದರೆ ನಮ್ಮ ದೇಶದ ಕಾನೂನು ಏನು ಮಾಡುತ್ತದೆ ಎಂಬುದು ಅನೇಕ ಮನೆಗಳಿಗೆ ತಿಳಿಯುವುದು ಮಗನ ಹೆಸರು ಎಫ್‌ಐಆರ್‌ನಲ್ಲಿ ಬಂದ ಮೇಲೆಯೇ. ಅದಕ್ಕೂ ಮೊದಲೇ ತಿಳಿದಿರಲಿ ಎಂಬುದು ಈ ಲೇಖನದ ಉದ್ದೇಶ.

ಎರಡು ತಪ್ಪು, ಎರಡು ಲೆಕ್ಕ

2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾಗಿದೆಯಾದರೂ ಈ ವಿಷಯದಲ್ಲಿ ತಿರುಳು ಹೆಚ್ಚು ಕಡಿಮೆ ಹಳೆಯದೇ.

ಕೆಣಕುವುದನ್ನು ಕಾನೂನು ಸುಮ್ಮನೆ ಬಿಡುವುದಿಲ್ಲ. ಶಾಂತಿಭಂಗವಾಗಲೆಂದು ಬೇಕೆಂದೇ ಒಬ್ಬರನ್ನು ಅವಮಾನಿಸಿದರೆ 352ನೇ ಕಲಮಿನಡಿ ಎರಡು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಗಲಭೆಯಾಗಲಿ ಎಂದೇ ಕಾನೂನುಬಾಹಿರವಾಗಿ ಪ್ರಚೋದಿಸಿ, ಗಲಭೆ ನಡೆದೂ ಬಿಟ್ಟರೆ 192ನೇ ಕಲಮಿನಡಿ ಒಂದು ವರ್ಷದವರೆಗೆ, ನಡೆಯದಿದ್ದರೂ ಆರು ತಿಂಗಳವರೆಗೆ ಶಿಕ್ಷೆಯುಂಟು.

ಆದರೆ ಕೆಣಕಿದವನ ಅಪರಾಧ ಕೆಣಕಿದವನದು, ಹೊಡೆದವನ ಅಪರಾಧ ಹೊಡೆದವನದು. ಒಂದನ್ನು ಇನ್ನೊಂದರಿಂದ ಕಳೆದು ಸೊನ್ನೆ ಮಾಡುವ ಲೆಕ್ಕ ಕಾನೂನಿನಲ್ಲಿಲ್ಲ. ಆದ್ದರಿಂದಲೇ ಒಂದೇ ಘಟನೆಗೆ ಎರಡು ಕಡೆಯಿಂದ ಕೇಸು, ಪ್ರತಿಕೇಸು ಆಗುವುದನ್ನು ನಾವು ನೋಡುತ್ತೇವೆ. ಅಂತಹ ಎರಡು ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದರಂತೆ ವಿಚಾರಿಸಬೇಕು, ಆದರೆ ಪ್ರತಿಯೊಂದನ್ನೂ ಅದರದೇ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಎರಡರಲ್ಲೂ ಶಿಕ್ಷೆಯಾಗುವುದು ಸಾಧ್ಯ.

ಪ್ರಚೋದನೆ ಯಾವಾಗ ಲೆಕ್ಕಕ್ಕೆ ಬರುತ್ತದೆ?

'ಗಂಭೀರ ಮತ್ತು ಹಠಾತ್ ಪ್ರಚೋದನೆ' ಎಂಬುದೊಂದು ರಿಯಾಯಿತಿ ಕಾನೂನಿನಲ್ಲಿದೆ. ಈ ಎರಡು ವಿಶೇಷಣಗಳನ್ನು ಗಮನಿಸಿ. ಪ್ರಚೋದನೆ ಗಂಭೀರವೂ ಆಗಿರಬೇಕು, ಹಠಾತ್ತನೆ ಬಂದದ್ದೂ ಆಗಿರಬೇಕು. ಸಾಧಾರಣ ಮನುಷ್ಯನೊಬ್ಬನು ಅದೇ ಜಾಗದಲ್ಲಿದ್ದಿದ್ದರೆ ತನ್ನ ಮೇಲಿನ ಹಿಡಿತ ಕಳೆದುಕೊಳ್ಳುತ್ತಿದ್ದನೇ ಎಂಬುದು ಅಳತೆಗೋಲು. ನಮ್ಮ ಮಗ ಸ್ವಲ್ಪ ಮುಂಗೋಪಿ ಎಂಬುದು ಅಲ್ಲಿ ನಡೆಯುವ ವಾದವಲ್ಲ.

ಇದಕ್ಕೆ ಪ್ರಸಿದ್ಧ ಉದಾಹರಣೆ ನೌಕಾಪಡೆಯ ಕಮಾಂಡರ್ ನಾನಾವತಿಯ ಪ್ರಕರಣ. 1959ರಲ್ಲಿ ಮುಂಬಯಿಯಲ್ಲಿ ಪತ್ನಿಯ ಬಾಯಿಂದಲೇ ಪರಪುರುಷನ ಸಂಬಂಧದ ವಿಷಯ ತಿಳಿದ ನಾನಾವತಿ, ಪತ್ನಿ ಮಕ್ಕಳನ್ನು ಸಿನಿಮಾ ಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಆ ವ್ಯಕ್ತಿಯ ಮನೆಗೆ ಹೋಗಿ ಗುಂಡು ಹಾರಿಸಿದರು. ನಡುವೆ ಕಳೆದದ್ದು ಸುಮಾರು ಮೂರು ಗಂಟೆ. ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಅಷ್ಟು ಸಮಯ ಸಾಕು ಎಂದ ಸುಪ್ರೀಂ ಕೋರ್ಟ್ 1961ರಲ್ಲಿ ಪ್ರಚೋದನೆಯ ರಿಯಾಯಿತಿ ಕೊಡದೆ ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಷ್ಟು ದೊಡ್ಡ ಆಘಾತಕ್ಕೇ ಮೂರು ಗಂಟೆಯ ಬಳಿಕ ರಿಯಾಯಿತಿ ಸಿಗಲಿಲ್ಲ. ಮಧ್ಯಾಹ್ನ ಕಾಲೇಜಿನ ಗೇಟಿನಲ್ಲಿ ನಡೆದ ಮಾತಿನ ಚಕಮಕಿಗೆ ಸಂಜೆ ಗೆಳೆಯರನ್ನು ಕಟ್ಟಿಕೊಂಡು ಹೋದವನಿಗೆ ಹೇಗೆ ಸಿಕ್ಕೀತು?

ಇನ್ನೊಂದು ರಿಯಾಯಿತಿಯೂ ಇದೆ. ಪೂರ್ವಯೋಜನೆಯಿಲ್ಲದೆ, ಜಗಳದ ಬಿಸಿಯಲ್ಲಿ, ದಿಢೀರ್ ಹೊಡೆದಾಟದಲ್ಲಿ ಸಾವು ಸಂಭವಿಸಿದರೆ ಅದನ್ನು ಕೊಲೆಯೆಂದು ಎಣಿಸದೆ, ಕೊಲೆಯಲ್ಲದ ನರಹತ್ಯೆ ಎಂದು ಪರಿಗಣಿಸುವುದುಂಟು. ಇಲ್ಲಿ ಮೊದಲು ಕೆಣಕಿದವರು ಯಾರು, ಮೊದಲು ಕೈಯೆತ್ತಿದವರು ಯಾರು ಎಂಬುದು ಮುಖ್ಯವೇ ಅಲ್ಲ ಎಂದು ಕಾನೂನು ಸ್ಪಷ್ಟವಾಗಿ ಬರೆದಿಟ್ಟಿದೆ. ನಾವು ಊರಿಡೀ ಚರ್ಚಿಸುವ ಪ್ರಶ್ನೆಯನ್ನೇ ಅದು ಬದಿಗಿಡುತ್ತದೆ. ಬದಲಿಗೆ ಒಂದು ಷರತ್ತು ಹಾಕುತ್ತದೆ: ಹೊಡೆದವರು ಅನುಚಿತ ಮೇಲುಗೈ ಪಡೆದಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಒಬ್ಬನ ಮೇಲೆ ಎಂಟು ಮಂದಿ ಎರಗಿದಲ್ಲಿ ಈ ಷರತ್ತನ್ನು ಪೂರೈಸುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ.

ಐದನೆಯವನು ಬಂದಾಗ

ಇಬ್ಬರು ಕೈ ಕೈ ಮಿಲಾಯಿಸಿ, ಸಣ್ಣಪುಟ್ಟ ಗಾಯವಾದರೆ 115ನೇ ಕಲಮಿನ ಗರಿಷ್ಠ ಶಿಕ್ಷೆ ಒಂದು ವರ್ಷ. ಇದೇ ಜಗಳಕ್ಕೆ ಗೆಳೆಯರು, ಸಂಬಂಧಿಕರು ಸೇರಿ ಒಂದು ಕಡೆ ಐದು ಮಂದಿಯಾದ ಕೂಡಲೇ ಕಾನೂನಿನ ಭಾಷೆಯೇ ಬದಲಾಗುತ್ತದೆ. ಅಪರಾಧವೆಸಗುವ ಸಮಾನ ಉದ್ದೇಶದಿಂದ ಸೇರಿದ ಐವರು ಅಥವಾ ಹೆಚ್ಚು ಮಂದಿಯನ್ನು 189ನೇ ಕಲಮು 'ಅಕ್ರಮ ಕೂಟ' ಎನ್ನುತ್ತದೆ. ಸೇರುವಾಗ ಸಕ್ರಮವಾಗಿದ್ದ ಕೂಟವೂ ಬಳಿಕ ಅಕ್ರಮವಾಗಬಹುದು. ಮದುವೆಗೆ ಬಂದವರು, ಪಂದ್ಯ ನೋಡಲು ಬಂದವರು, ಮಾತುಕತೆಗೆಂದು ಹೋದವರು ಒಂದು ಗಳಿಗೆಯಲ್ಲಿ ಅಕ್ರಮ ಕೂಟವಾಗಿ ಮಾರ್ಪಡಬಹುದು.

ಆ ಕೂಟ ಬಲಪ್ರಯೋಗ ಮಾಡಿದರೆ ಅದು ದೊಂಬಿ. 191ನೇ ಕಲಮಿನಡಿ ಎರಡು ವರ್ಷಗಳವರೆಗೆ, ಮಾರಕಾಯುಧವಿದ್ದರೆ ಐದು ವರ್ಷಗಳವರೆಗೆ ಶಿಕ್ಷೆ.

ನಿಜವಾದ ತೂಕ ಇರುವುದು 190ನೇ ಕಲಮಿನಲ್ಲಿ. ಕೂಟದ ಒಬ್ಬ ಸದಸ್ಯ ಸಮಾನ ಉದ್ದೇಶದ ಈಡೇರಿಕೆಗಾಗಿ ಎಸಗಿದ ಅಪರಾಧಕ್ಕೆ, ಅಥವಾ ಇಂತಹದು ನಡೆಯುವ ಸಂಭವವಿದೆಯೆಂದು ಸದಸ್ಯರಿಗೆ ತಿಳಿದಿದ್ದ ಅಪರಾಧಕ್ಕೆ, ಆ ಹೊತ್ತಿನಲ್ಲಿ ಕೂಟದಲ್ಲಿದ್ದ ಪ್ರತಿಯೊಬ್ಬನೂ ಅಪರಾಧಿ. ಹಳೆಯ ಸಂಹಿತೆಯ 149ನೇ ಕಲಮೂ ಇದನ್ನೇ ಹೇಳುತ್ತಿತ್ತು. ರಾಡ್ ಬೀಸಿದವನು ಒಬ್ಬ, ಉಳಿದವರು ಕೈಯಿಂದ ತಳ್ಳಿದರು, ಇನ್ನೊಬ್ಬನು ದಾರಿ ತಡೆದು ನಿಂತ. ತಲೆಗೆ ಬಿದ್ದ ಆ ಒಂದು ಏಟಿನಿಂದ ಮನುಷ್ಯ ಸತ್ತರೆ, ಗುಂಪಿನಲ್ಲಿ ರಾಡ್ ಇತ್ತೆಂದು ಗೊತ್ತಿದ್ದೂ ಜೊತೆಗೆ ನಡೆದವರೆಲ್ಲರೂ ಕೊಲೆಯ ಆರೋಪ ಎದುರಿಸಬೇಕಾಗಬಹುದು. ಐವರಲ್ಲಿ ಇಬ್ಬರ ಗುರುತು ಕೊನೆಗೂ ಸಿಗದಿದ್ದರೂ, ಐವರು ಇದ್ದರೆಂಬುದು ಸಾಬೀತಾದರೆ ಸಾಕು.

ನಾನು ಒಂದೇ ಏಟು ಹೊಡೆದದ್ದು ಎಂಬ ಮಾತಿಗೆ ಇಲ್ಲಿ ನಾವು ಊಹಿಸುವಷ್ಟು ಬೆಲೆಯಿಲ್ಲ. ಗುಂಪಿನೊಳಗೆ ಕಾಲಿಟ್ಟವನು ತನ್ನ ಕೈಗೆ ಮಾತ್ರವಲ್ಲ, ಆ ಗುಂಪಿನಲ್ಲೇ ಅತ್ಯಂತ ಕೆಟ್ಟ ಕೈಗೂ ಜಾಮೀನು ನಿಂತಂತೆ.

ಸಿಂಧೂ ದಡದ ಹದಿನಾರು ಕಟ್ಟು ಜೊಂಡು

ಗುಂಪಿನ ಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಏನು? ಅದಕ್ಕೆ ಬೇರೆ ನಿಯಮವಿದೆ. ಒಂದೇ ಇರಾದೆಯಿಂದ ಕೂಡಿ ಎಸಗಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಂತೆ ಹೊಣೆ. ಹಿಂದೆ ಇದು 34ನೇ ಕಲಮಾಗಿತ್ತು, ಈಗ 3ನೇ ಕಲಮಿನ 5ನೇ ಉಪಕಲಮು. ಇದರ ಅರ್ಥವನ್ನು ಬಿಡಿಸಿ ಹೇಳಿದ ಮೊಕದ್ದಮೆಯೊಂದು ಅವಿಭಜಿತ ಪಂಜಾಬಿನ ಅಟಕ್ ಕಡೆಯದು, ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಮೆಹಬೂಬ್ ಷಾ ಪ್ರಕರಣ.

1943ರ ಆಗಸ್ಟ್ ತಿಂಗಳಲ್ಲಿ ಕೆಲವರು ದೋಣಿಯಲ್ಲಿ ಸಿಂಧೂ ನದಿಯ ದಡಕ್ಕೆ ಜೊಂಡುಹುಲ್ಲು ಕೊಯ್ಯಲು ಹೋದರು. ತನ್ನ ಜಮೀನಿನಿಂದ ಕೊಯ್ಯಬಾರದೆಂದು ಒಬ್ಬ ಜಮೀನುದಾರ ಎಚ್ಚರಿಸಿದ. ಅವರು ಕೇಳಲಿಲ್ಲ, ಸುಮಾರು ಹದಿನಾರು ಕಟ್ಟು ಜೊಂಡು ಕೊಯ್ದು ಹಿಂದಿರುಗಿದರು. ದಾರಿಯಲ್ಲಿ ಜಮೀನುದಾರನ ಸೋದರನ ಮಗ ಅಡ್ಡಬಂದು ಜೊಂಡು ಕೊಡೆಂದ. ಮಾತು ಬೆಳೆದು ದೋಣಿಯ ಹಗ್ಗ ಎಳೆದಾಡಿದ, ಸಣ್ಣ ಕೋಲಿನಿಂದ ಹೊಡೆಯಲು ನೋಡಿದ. ದೋಣಿಯವನು ಬಿದಿರಿನ ಗಳುವಿನಿಂದ ತಿರುಗಿ ಹೊಡೆದ. ಪೆಟ್ಟು ತಿಂದ ಯುವಕ ಸಹಾಯಕ್ಕಾಗಿ ಕೂಗಿಕೊಂಡ. ಆ ಕೂಗು ಕೇಳಿ ಅವನ ಕಡೆಯ ಇಬ್ಬರು ಬಂದೂಕು ಹಿಡಿದು ಓಡಿಬಂದರು. ಒಬ್ಬನ ಗುಂಡಿಗೆ ದೋಣಿಯವನು ಸ್ಥಳದಲ್ಲೇ ಸತ್ತ. ಇನ್ನೊಬ್ಬನಾದ ಮೆಹಬೂಬ್ ಷಾನ ಗುಂಡಿಗೆ ಸತ್ತವನ ಜೊತೆಗಾರ ಗಾಯಗೊಂಡ.

ಸತ್ತವನಿಗೆ ಗುಂಡು ಹೊಡೆಯದ ಮೆಹಬೂಬ್ ಷಾಗೂ ಕೊಲೆಯ ಅಪರಾಧಕ್ಕೆ ಮರಣದಂಡನೆಯಾಯಿತು. ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1945ರಲ್ಲಿ ಅದು ಹೇಳಿದ್ದಿಷ್ಟು: ಇಬ್ಬರಿಗೆ ಒಂದೇ ಬಗೆಯ ಇರಾದೆ ಇರುವುದು ಬೇರೆ, ಇಬ್ಬರೂ ಕೂಡಿ ಒಂದು ಇರಾದೆ ಮಾಡಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಮೊದಲೇ ಕೂಡಿ ಮಾಡಿಕೊಂಡ ಯೋಜನೆ ಬೇಕು. ಇಲ್ಲಿ ಇಬ್ಬರೂ ತಮ್ಮವನನ್ನು ಬಿಡಿಸಲು ಓಡಿಬಂದರೆಂಬುದಷ್ಟೇ ಕಾಣುತ್ತದೆ, ಕೂಡಿ ಕೊಲ್ಲುವ ಯೋಜನೆ ಸಾಬೀತಾಗಿಲ್ಲ. ಆದ್ದರಿಂದ ಅವನ ಮೇಲಿನ ಕೊಲೆಯ ತೀರ್ಪು ರದ್ದಾಯಿತು.

ಈ ತೀರ್ಪಿನಿಂದ ಎರಡು ವಿಷಯಗಳನ್ನು ತಿಳಿಯಬಹುದು. ಒಂದು, ನ್ಯಾಯಾಲಯ ಗುಂಪನ್ನು ಕಣ್ಣುಮುಚ್ಚಿ ಶಿಕ್ಷಿಸುವುದಿಲ್ಲ, ಒಬ್ಬೊಬ್ಬನ ಮನಸ್ಸನ್ನೂ ಬೇರೆ ಬೇರೆ ಮಾಡಿ ನೋಡುತ್ತದೆ. ಎರಡು, ಆ ನೋಟ ಬೀಳುವ ಹೊತ್ತಿಗೆ ಮನುಷ್ಯ ಗಲ್ಲಿನ ನೆರಳಿನಲ್ಲಿ ದಿನ ಕಳೆದಾಗಿರುತ್ತದೆ. ಮುಂದೆ ಬಂದ ತೀರ್ಪುಗಳು ಕೂಡಿ ಮಾಡಿದ ಇರಾದೆ ಸ್ಥಳದಲ್ಲೇ, ಕ್ಷಣಾರ್ಧದಲ್ಲಿ ಹುಟ್ಟಬಹುದೆಂದೂ ಹೇಳಿವೆ. ಆದ್ದರಿಂದ ನಾವೇನೂ ಯೋಜನೆ ಮಾಡಿರಲಿಲ್ಲ ಎಂಬ ಮಾತನ್ನೇ ನಂಬಿ ಕೂರುವಂತಿಲ್ಲ.

ನೋಡುತ್ತಾ ನಿಂತವನು, ಫೋನ್ ಮಾಡಿದವನು

ಹಾಗಾದರೆ ಅಲ್ಲಿ ಸುಮ್ಮನೆ ಇದ್ದವರೆಲ್ಲರೂ ಅಪರಾಧಿಗಳೇ? ಅಲ್ಲ. ದಾರಿಹೋಕ, ಕುತೂಹಲಕ್ಕೆ ನಿಂತವನು, ಬಿಡಿಸಲು ನುಗ್ಗಿದವನು ಕೂಟದ ಸದಸ್ಯರಲ್ಲ. ಬರಿಯ ಹಾಜರಿಯಿಂದ ಯಾರೂ ಸದಸ್ಯರಾಗುವುದಿಲ್ಲ, ಉದ್ದೇಶದಲ್ಲಿ ಪಾಲುಗೊಂಡಿರಬೇಕು. ದೊಡ್ಡ ಗುಂಪಿನ ಪ್ರಕರಣಗಳಲ್ಲಿ ನಿರಪರಾಧಿಗಳ ಹೆಸರೂ ಸೇರಿಬಿಡುವ ಅಪಾಯವಿರುವುದರಿಂದ, ಒಬ್ಬನ ಪಾತ್ರದ ಬಗ್ಗೆ ಹಲವು ಸಾಕ್ಷಿಗಳು ಒಂದೇ ರೀತಿ ಹೇಳುತ್ತಾರೆಯೇ ಎಂದು ನೋಡುವ ಎಚ್ಚರವನ್ನು ಸುಪ್ರೀಂ ಕೋರ್ಟ್ 1964ರ ಮಸಾಲ್ತಿ ಪ್ರಕರಣದಲ್ಲೇ ಒಪ್ಪಿಕೊಂಡಿದೆ.

ಇನ್ನೊಂದು ಅಂಶ ತಾಯಂದಿರಿಗೂ ತಂದೆಯರಿಗೂ ತಿಳಿದಿರಬೇಕು. ಅಪರಾಧ ನಡೆಯುವ ಹೊತ್ತಿಗೆ ಸದಸ್ಯನಾಗಿದ್ದವನಿಗಷ್ಟೇ 190ನೇ ಕಲಮಿನ ಹೊಣೆ. ಕೈ ಮೀರುತ್ತಿದೆ ಎಂದು ಕಂಡಾಗ ಅಲ್ಲಿಂದ ಹೊರಟುಬಂದವನಿಗೆ ಕಾನೂನಿನಲ್ಲಿ ಬಾಗಿಲು ತೆರೆದಿದೆ. ಗೆಳೆಯರು ಹೇಡಿ ಎಂದಾರು. ಆದರೆ ಅರ್ಧ ದಾರಿಯಲ್ಲಿ ಹಿಂದಿರುಗಿದ ಹೆಜ್ಜೆಗಳೇ ಮುಂದೆ ಅವನ ಪರವಾಗಿ ಸಾಕ್ಷಿ ಹೇಳುತ್ತವೆ.

ಸ್ಥಳಕ್ಕೆ ಬಾರದೆ ದೂರದಿಂದ ಕಿಚ್ಚು ಹಚ್ಚಿದವನ ಕತೆ ಬೇರೆ. ಎಲ್ಲರೂ ಬನ್ನಿ, ಅವನನ್ನು ಬಿಡಬಾರದು ಎಂದು ಗ್ರೂಪಿನಲ್ಲಿ ಧ್ವನಿಸಂದೇಶ ಹಾಕಿದವನ ಮೇಲೆ ದುಷ್ಪ್ರೇರಣೆಯ ಆರೋಪ ಬರಬಹುದು. ಪ್ರೇರೇಪಿಸಿದ ಅಪರಾಧ ನಡೆದರೆ ಅದನ್ನೆಸಗಿದವನಿಗೆ ಇರುವ ಶಿಕ್ಷೆಯೇ ಪ್ರೇರಕನಿಗೂ. ಎರಡು ಏಟು ಹಾಕಿ ಎಂದಷ್ಟೇ ಹೇಳಿದ್ದೆ ಎಂದರೂ, ನಡೆದದ್ದು ಆ ಪ್ರೇರಣೆಯ ಸಂಭವನೀಯ ಪರಿಣಾಮವಾಗಿದ್ದರೆ 51ನೇ ಕಲಮು ಅವನನ್ನು ಹಿಡಿಯುತ್ತದೆ. ಮೊಬೈಲಿನಲ್ಲಿ ಆಡಿದ ಮಾತು ಅಳಿಸಿದರೂ ಅಳಿಯುವುದಿಲ್ಲ.

ಕುಡುಪು ಕಲಿಸಿದ್ದು

ಇದೆಲ್ಲ ನಮಗೆ ದೂರದ ಮಾತಲ್ಲ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ವಯನಾಡು ಜಿಲ್ಲೆಯ ಯುವಕನೊಬ್ಬ ಗುಂಪು ಹಲ್ಲೆಗೆ ಬಲಿಯಾದ. ಆತ ಯಾವುದೋ ಘೋಷಣೆ ಕೂಗಿದನೆಂಬ ಮಾತು ಹರಿದಾಡಿತು, ಅದನ್ನು ಹಲವರು ಅಲ್ಲಗಳೆದರು. ಪೊಲೀಸರು ಗುಂಪು ಹತ್ಯೆಯ ಕಲಮಿನಡಿ ಪ್ರಕರಣ ದಾಖಲಿಸಿ ಹಲವರನ್ನು ಬಂಧಿಸಿದರು. ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಯಾರು ಅಪರಾಧಿ ಎಂಬುದನ್ನು ಹೇಳಬೇಕಾದದ್ದು ನ್ಯಾಯಾಲಯ, ನಾವಲ್ಲ.

ಆದರೆ ಕಾನೂನಿನ ನಿಲುವನ್ನು ನಾವು ಹೇಳಬಹುದು. ಆ ಘೋಷಣೆಯ ಮಾತು ನಿಜವೇ ಆಗಿದ್ದರೂ ಅದಕ್ಕೆ ಉತ್ತರ ಪೊಲೀಸರಿಗೆ ಒಂದು ಕರೆ, ಅಷ್ಟೇ. ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂತಹುದೇ ಕಾರಣದಿಂದ ಐವರು ಅಥವಾ ಹೆಚ್ಚು ಮಂದಿ ಕೂಡಿ ಕೊಲೆ ಮಾಡಿದರೆ 103ನೇ ಕಲಮಿನ 2ನೇ ಉಪಕಲಮಿನಡಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಅದೇ ಕಾರಣಕ್ಕೆ ಗುಂಪಾಗಿ ತೀವ್ರ ಗಾಯಗೊಳಿಸಿದರೆ 117ನೇ ಕಲಮಿನ 4ನೇ ಉಪಕಲಮಿನಡಿ ಏಳು ವರ್ಷಗಳವರೆಗೆ ಸಜೆ. ಹಳೆಯ ಸಂಹಿತೆಯಲ್ಲಿ ಗುಂಪು ಹತ್ಯೆಗೆಂದೇ ಪ್ರತ್ಯೇಕ ಕಲಮು ಇರಲಿಲ್ಲ. ಈ ಕಲಮಿನಡಿ ನ್ಯಾಯ ಸಿಗಲಿ ಎಂದು ನಾವು ಬಯಸುತ್ತೇವೆ. ಹಾಗೆ ಬಯಸುವ ನಾವು, ನಮ್ಮ ಮನೆಯ ಹುಡುಗ ಯಾರದೋ ಒಂದು ಮಾತಿಗೆ ಕೆರಳಿ ಗುಂಪು ಕಟ್ಟಿದಾಗಲೂ ಅದೇ ಅಳತೆಗೋಲನ್ನು ಒಪ್ಪಲೇಬೇಕು. ನ್ಯಾಯಕ್ಕೆ ನಮ್ಮದು, ಅವರದು ಎಂಬ ಎರಡು ಸೇರುಗಳಿಲ್ಲ.

ಆತ್ಮರಕ್ಷಣೆ ಎಲ್ಲಿಯವರೆಗೆ?

ತನ್ನ ಮೇಲೆ ಅಥವಾ ಇನ್ನೊಬ್ಬರ ಮೇಲೆ ಹಲ್ಲೆ ನಡೆಯುತ್ತಿರುವಾಗ ತಡೆಯುವ ಹಕ್ಕು ಎಲ್ಲರಿಗೂ ಇದೆ. ಸಾವಿನ ಅಥವಾ ತೀವ್ರ ಗಾಯದ ಸಕಾರಣ ಭಯವಿದ್ದರೆ ಆ ಹಕ್ಕು ಬಹಳ ದೂರದವರೆಗೂ ಹೋಗುತ್ತದೆ. ಆದರೆ 37ನೇ ಕಲಮು ಎರಡು ಗೆರೆ ಎಳೆದಿದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಲ್ಲಿ ಆ ಹಕ್ಕೇ ಇಲ್ಲ. ಹೊಡೆದವನು ಓಡಿಹೋದ ಮೇಲೆ ಅವನನ್ನು ಬೆನ್ನಟ್ಟಿ ಹೊಡೆಯುವುದು ರಕ್ಷಣೆಯಲ್ಲ, ಸೇಡು.

ರಾಜಿ, ಪಾಸ್‌ಪೋರ್ಟ್, ಹದಿಹರೆಯ

ಜಮಾಅತಿನ ಹಿರಿಯರು ಕೂತು ಮುಗಿಸಿದರಾಯಿತು ಎಂಬ ಭರವಸೆ ನಮ್ಮಲ್ಲಿದೆ. ಅವಮಾನ, ಸಾಧಾರಣ ಗಾಯದಂತಹ ಅಪರಾಧಗಳನ್ನು ಕಾನೂನೇ ರಾಜಿಗೆ ಬಿಟ್ಟಿದೆ. ಹಿರಿಯರು ನಡುವೆ ಬರಬೇಕಾದ ಹೊತ್ತು ಅದು. ಆದರೆ ದೊಂಬಿ, ಕೊಲೆಯತ್ನ, ಕೊಲೆ ರಾಜಿಯಾಗುವ ಪಟ್ಟಿಯಲ್ಲಿಲ್ಲ. ಎರಡು ಕಡೆಯವರು ಒಂದಾದರೂ ಕೊಲೆಯಂತಹ ಘೋರ ಪ್ರಕರಣಗಳನ್ನು ಹೈಕೋರ್ಟ್ ರದ್ದುಪಡಿಸಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಗುಂಪು ಸೇರಿದ ಮೇಲೆ ಹಿರಿಯರ ಕೈಯೂ ಕಟ್ಟಿಹೋಗುತ್ತದೆ.

ಗಲ್ಫ್ ಕೆಲಸದ ಕನಸು ಕಾಣುವ ಮನೆಗಳು ಇನ್ನೊಂದನ್ನು ತಿಳಿದಿರಬೇಕು. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನಡಿ ಪಾಸ್‌ಪೋರ್ಟ್ ನಿರಾಕರಿಸಬಹುದು. ಆಗ ಪಾಸ್‌ಪೋರ್ಟಿಗಾಗಿ ಅದೇ ನ್ಯಾಯಾಲಯದ ಅನುಮತಿ ಕೇಳಿಕೊಂಡು ಹೋಗಬೇಕು. ಖುಲಾಸೆಯಾಗುವ ಪ್ರಕರಣವೂ ವರ್ಷಗಟ್ಟಲೆ ಹೀಗೆ ಕಾಲಿಗೆ ತೊಡಕುತ್ತದೆ.

ಹುಡುಗನಿಗೆ ಇನ್ನೂ ಹದಿನೆಂಟು ತುಂಬಿಲ್ಲ ಎಂಬುದೂ ಪೂರ್ತಿ ಧೈರ್ಯದ ಮಾತಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕೊಲೆಯಂತಹ ಘೋರ ಅಪರಾಧದ ಆರೋಪವಿದ್ದರೆ 16ರಿಂದ 18ರ ನಡುವಿನವರನ್ನು ಬಾಲನ್ಯಾಯ ಮಂಡಳಿ ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಕಳುಹಿಸಬಹುದು.

ಪೆಟ್ಟು ತಿಂದವರು ನಾವಾದರೆ

ಮೊದಲು 112ಕ್ಕೆ ಕರೆ, ಆಸ್ಪತ್ರೆ. ವೈದ್ಯರಿಗೆ ಪ್ರತಿಯೊಂದು ಗಾಯವನ್ನೂ ತೋರಿಸಿ, ಹೇಗಾಯಿತೆಂದು ಹೇಳಿ ಬರೆಸಬೇಕು. ಗಾಯದ ಪ್ರಮಾಣಪತ್ರವೇ ಮುಂದೆ ಮುಖ್ಯ ಸಾಕ್ಷ್ಯ. ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು, ಘಟನೆ ಬೇರೆ ಠಾಣೆಯ ವ್ಯಾಪ್ತಿಯದು ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ದಾಖಲಿಸಿಕೊಳ್ಳದಿದ್ದರೆ ಲಿಖಿತವಾಗಿ ಪೊಲೀಸ್ ವರಿಷ್ಠರಿಗೆ, ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಮೊರೆಹೋಗುವ ದಾರಿಯಿದೆ.

ದೂರಿನಲ್ಲಿ ನಿಜವಾಗಿ ಇದ್ದವರ ಹೆಸರನ್ನಷ್ಟೇ ಬರೆಸಿ. ಹಳೆಯ ದ್ವೇಷಕ್ಕೆ ನಾಲ್ಕು ಹೆಸರು ಹೆಚ್ಚಿಗೆ ಸೇರಿಸಿದರೆ ಅನ್ಯಾಯವೂ ಆಯಿತು, ಇಡೀ ಪ್ರಕರಣ ಬಿದ್ದುಹೋಗಲು ಎದುರಾಳಿಗೆ ಆಯುಧ ಕೊಟ್ಟಂತೆಯೂ ಆಯಿತು. ಮೊದಲು ನಮ್ಮವನೇ ಒಂದು ಮಾತು ಆಡಿದ್ದರೆ ಅದನ್ನೂ ಮುಚ್ಚಿಡಬೇಡಿ. ಬೈದದ್ದಕ್ಕೆ ಅವನು ಉತ್ತರಿಸಲಿ, ಎಲುಬು ಮುರಿದದ್ದಕ್ಕೆ ಅವರು ಉತ್ತರಿಸಲಿ. ಸತ್ಯದಿಂದ ದೂರು ಬಲವಾಗುತ್ತದೆ.

ಗುಂಪು ಹತ್ಯೆ, ಗುಂಪು ಹಲ್ಲೆಯ ಬಗ್ಗೆ ಸುಪ್ರೀಂ ಕೋರ್ಟ್ 2018ರ ಜುಲೈ 17ರಂದು ಕೊಟ್ಟ ತೀರ್ಪಿನಲ್ಲಿ ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ನೋಡಲ್ ಅಧಿಕಾರಿ, ಸಂತ್ರಸ್ತರಿಗೆ ಪರಿಹಾರ ಯೋಜನೆ, ಸಾಧ್ಯವಾದಷ್ಟೂ ಆರು ತಿಂಗಳೊಳಗೆ ವಿಚಾರಣೆ, ಲೋಪವೆಸಗಿದ ಅಧಿಕಾರಿಗಳ ಮೇಲೆ ಕ್ರಮ ಎಂಬ ನಿರ್ದೇಶನಗಳಿವೆ. ಪರಿಹಾರಕ್ಕೂ ವಕೀಲರ ನೆರವಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಕಾನೂನು ನೆರವಿನ ಸಹಾಯವಾಣಿ 15100.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಇಂತಹ ಪ್ರಕರಣಗಳಲ್ಲಿ ಸಿಕ್ಕಿಬೀಳುವ ಹುಡುಗರಲ್ಲಿ ಬಹಳಷ್ಟು ಮಂದಿ ಜಗಳ ಶುರುಮಾಡಿದವರೂ ಅಲ್ಲ, ಮುಗಿಸಿದವರೂ ಅಲ್ಲ. ಬೇಗ ಬಾ ಎಂಬ ಒಂದು ಕರೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಟವರು. ಅವರ ಹಣೆಬರಹ ನಿರ್ಧಾರವಾಗುವುದು ನ್ಯಾಯಾಲಯದಲ್ಲಿ ಎಂದು ನಾವು ತಿಳಿದಿದ್ದೇವೆ. ಬಹಳ ಸಲ ಅದು ಆ ಹೊಸ್ತಿಲಲ್ಲೇ ನಿರ್ಧಾರವಾಗಿರುತ್ತದೆ. ಆ ಗಳಿಗೆಯಲ್ಲಿ ಎಲ್ಲಿಗೆ, ಯಾರ ಜೊತೆ, ಏನು ಮಾಡಲು ಎಂದು ಮೂರು ಪ್ರಶ್ನೆ ಕೇಳಿ ಬಾಗಿಲಲ್ಲಿ ಅಡ್ಡ ನಿಲ್ಲುವ ತಾಯಿ, ಅಣ್ಣ, ಅಜ್ಜಿ ಮಾಡುವ ಉಪಕಾರವನ್ನು ಮುಂದೆ ಯಾವ ವಕೀಲರಿಂದಲೂ ಮಾಡಲಾಗುವುದಿಲ್ಲ.